ಗೋಡೆಯೊಳಗಿನ ಎರಡೂವರೆ

ಮನೆ ಕಟ್ಟುವವರಿಗೆ ವೈರಿಂಗ್ ಹಂತದಲ್ಲಿ ಎಲೆಕ್ಟ್ರಿಷಿಯನ್ ಬಾಯಿಂದ ತಪ್ಪದೆ ಕೇಳಸಿಗುವ ಮಾತೊಂದಿದೆ: ‘ಲೈಟಿಗೆ ಒಂದೂವರೆ, ಪವರ್ ಪಾಯಿಂಟ್‌ಗೆ ಎರಡೂವರೆ, ಎಸಿಗೆ ನಾಲ್ಕು.’ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೇಳಿದರೂ ಇದೇ ಉತ್ತರ. ಟೈಲ್ಸ್ ಬಣ್ಣಕ್ಕೆ ನಾಲ್ಕು ಅಂಗಡಿ ಸುತ್ತುವ ಮನೆಯವರು ಈ ವಿಷಯದಲ್ಲಿ ಮಾತ್ರ ಮರುಪ್ರಶ್ನೆ ಹಾಕುವುದಿಲ್ಲ. ಸೂತ್ರದಲ್ಲಿ ತಪ್ಪೇನೂ ಇಲ್ಲ, ಎಷ್ಟೋ ಮನೆಗಳನ್ನು ಅದು ಕಾಪಾಡಿಕೊಂಡು ಬಂದಿದೆ. ಆದರೆ ಅದು ಯಾರೋ ಒಂದು ಕಾಲದಲ್ಲಿ ಲೆಕ್ಕ ಹಾಕಿ ತೆಗೆದ ಉತ್ತರ. ಲೆಕ್ಕ ಮರೆತುಹೋಗಿ ಉತ್ತರ ಮಾತ್ರ ಬಾಯಿಪಾಠವಾಗಿ ಉಳಿದಿದೆ. ಲೆಕ್ಕದೊಳಗಿನ ಅಂಕಿಗಳು ಬದಲಾದಾಗ ಉತ್ತರವೂ ಬದಲಾಗಬೇಕು ಎಂಬುದು ಬಾಯಿಪಾಠ ಮಾಡಿದವರಿಗೆ ತಿಳಿಯುವುದಿಲ್ಲ. ಯಾವ ಯಂತ್ರಕ್ಕೆ ಯಾವ ವೈರ್ ಎಂದು ಕೇಳಿದರೆ ಅರ್ಧ ಉತ್ತರವಷ್ಟೇ ಸಿಗುತ್ತದೆ. ಆ ವೈರಿನ ಹಿಂದೆ ಡಿಬಿಯಲ್ಲಿ (ಕರೆಂಟನ್ನು ಮನೆಗೆ ಹಂಚುವ ಪೆಟ್ಟಿಗೆಯಲ್ಲಿ) ಕೂತಿರುವ ಎಂಸಿಬಿ, ಅಂದರೆ ಕರೆಂಟು ಮಿತಿಮೀರಿದಾಗ ತಾನಾಗಿ ಬೀಳುವ ಸ್ವಿಚ್ಚು, ಎಷ್ಟು ಆಂಪಿಯರಿನದು, ವೈರ್ ಯಾವ ದಾರಿಯಲ್ಲಿ, ಯಾರ ಜೊತೆ, ಎಷ್ಟು ದೂರ ಹೋಗುತ್ತದೆ ಎನ್ನುವುದು ಉಳಿದ ಅರ್ಧ. ಈ ಎರಡನೆಯ ಅರ್ಧವನ್ನು ಕೇಳದೆ ಬಿಡುವುದರಿಂದಲೇ ಒಳ್ಳೆಯ ಕಂಪನಿಯ ಒಳ್ಳೆಯ ವೈರ್ ಹಾಕಿದ ಮನೆಗಳಲ್ಲೂ ಸ್ವಿಚ್‌ಬೋರ್ಡು ಕಂದುತ್ತದೆ, ಪ್ಲಗ್ ಕರಗುತ್ತದೆ ಎಂಬುದು ಈ ಬರಹದ ವಾದ.

ಮೊದಲು ಅಳತೆಯ ಮಾತು. ಬಳಕೆಯಲ್ಲಿ ನಾವು ‘ಎರಡೂವರೆ ಎಂಎಂ’ ಎನ್ನುತ್ತೇವೆ. ಅದು ವೈರಿನ ದಪ್ಪವಲ್ಲ, ಒಳಗಿರುವ ತಾಮ್ರವನ್ನು ಅಡ್ಡ ಕೊಯ್ದರೆ ಕಾಣುವ ಮುಖದ ವಿಸ್ತೀರ್ಣ, ಅಂದರೆ ಎರಡೂವರೆ ಚದರ ಮಿಲಿಮೀಟರ್. ಅದಕ್ಕೇ ಕೆಲಸಗಾರರು ‘ಎರಡೂವರೆ ಸ್ಕ್ವೇರ್’ ಎನ್ನುವುದು ಹೆಚ್ಚು ಸರಿ. ಅಷ್ಟೂ ತಾಮ್ರ ಒಂದೇ ಎಳೆಯಾಗಿದ್ದರೆ ಅದರ ಅಡ್ಡಳತೆ ಎರಡು ಮಿಲಿಮೀಟರಿಗೂ ಕಡಿಮೆ, ಸುಮಾರು 1.8. ಹೊರಗಿನ ಪ್ಲಾಸ್ಟಿಕ್ ಹೊದಿಕೆ ನೋಡಿ ವೈರ್ ‘ದಪ್ಪಗಿದೆ’ ಎಂದು ಸಮಾಧಾನಪಟ್ಟುಕೊಂಡರೆ ಪ್ರಯೋಜನವಿಲ್ಲ, ಕರೆಂಟು ಹರಿಯುವುದು ಹೊದಿಕೆಯಲ್ಲಲ್ಲ. ಹಳೆಯ ಮನೆಗಳ ವೈರಿಂಗ್ ಬಲ್ಲ ಹಿರಿಯ ಕೆಲಸಗಾರರು ಈಗಲೂ 1/18, 3/20, 7/20 ಎಂಬ ಲೆಕ್ಕದಲ್ಲಿ ಮಾತಾಡುತ್ತಾರೆ. ಮೊದಲ ಅಂಕಿ ಎಳೆಗಳ ಎಣಿಕೆ, ಎರಡನೆಯದು ಒಂದೊಂದು ಎಳೆಯ ಗೇಜ್. 3/20 ಎಂದರೆ ಹೆಚ್ಚುಕಡಿಮೆ 2 ಚದರ ಮಿಲಿಮೀಟರ್, ಅಂದರೆ ಇಂದಿನ ಎರಡೂವರೆಗಿಂತ ಒಂದು ಮೆಟ್ಟಿಲು ಕೆಳಗೆ. ಹಳೆಯ ಮನೆಗೆ ಹೊಸ ಗೀಸರ್ ಕೂರಿಸುವಾಗ ‘ಅದೂ ಇದೂ ಒಂದೇ’ ಎನ್ನುವ ಮಾತನ್ನು ಒಪ್ಪಬಾರದು.

ವೈರಿನ ಅಳತೆ ಏಕೆ ಮುಖ್ಯ ಎಂಬುದಕ್ಕೆ ಕಾರಣ ಒಂದೇ, ಬಿಸಿ. ಕರೆಂಟು ಯಾವ ಲೋಹದಲ್ಲಿ ಹರಿದರೂ ಅದು ಬಿಸಿಯಾಗುತ್ತದೆ. ಎಷ್ಟು ಬಿಸಿ ಎಂಬುದನ್ನು ಜೇಮ್ಸ್ ಜೂಲ್ 1841ರಲ್ಲೇ ಹೇಳಿದ್ದ: ಕರೆಂಟಿನ ವರ್ಗವನ್ನು ವೈರಿನ ರೋಧದಿಂದ ಗುಣಿಸಿದಷ್ಟು. ವರ್ಗ ಎಂಬ ಪದ ಇಲ್ಲಿ ಭಾರವಾದದ್ದು. ಕರೆಂಟು ಎರಡರಷ್ಟಾದರೆ ಬಿಸಿ ನಾಲ್ಕರಷ್ಟು, ಮೂರರಷ್ಟಾದರೆ ಒಂಬತ್ತರಷ್ಟು. ಸ್ನಾನದ ಮನೆಯ 3 ಕಿಲೋವ್ಯಾಟ್ ಇನ್‌ಸ್ಟಂಟ್ ಗೀಸರನ್ನೇ ತೆಗೆದುಕೊಳ್ಳಿ. 230 ವೋಲ್ಟ್‌ನಲ್ಲಿ ಅದು ಎಳೆಯುವುದು 13 ಆಂಪಿಯರ್. ಅದರ ವೈರ್ ಒಂದು ಸ್ಕ್ವೇರಿನದಾಗಿದ್ದರೆ, ಫೇಸ್ ಮತ್ತು ನ್ಯೂಟ್ರಲ್ ಎರಡೂ ಸೇರಿ ಪ್ರತಿ ಮೀಟರಿನಲ್ಲಿ ಆರೂವರೆ ವ್ಯಾಟಿನಷ್ಟು ಬಿಸಿ ಹುಟ್ಟುತ್ತದೆ. ಒಂದೂವರೆ ಸ್ಕ್ವೇರ್ ಆದರೆ ನಾಲ್ಕೂವರೆ ವ್ಯಾಟ್, ಎರಡೂವರೆ ಆದರೆ ಎರಡೂಮುಕ್ಕಾಲು, ನಾಲ್ಕು ಸ್ಕ್ವೇರ್ ಆದರೆ ಎರಡಕ್ಕಿಂತ ಕಡಿಮೆ. ಡಿಬಿಯಿಂದ ಸ್ನಾನದ ಮನೆಗೆ 15 ಮೀಟರ್ ದೂರವಿದ್ದರೆ, ಒಂದು ಸ್ಕ್ವೇರ್ ವೈರ್ ಹಾಕಿದ ಮನೆಯ ಗೋಡೆಯೊಳಗೆ ಹಳೆಯ ಕಾಲದ ನೂರು ಕ್ಯಾಂಡಲ್ ಬಲ್ಬೊಂದು ಉರಿದಷ್ಟು ಶಾಖ. ಬಲ್ಬಿನ ಸುತ್ತ ಗಾಳಿಯಾದರೂ ಇರುತ್ತದೆ. ಗೋಡೆಯೊಳಗಿನ ಪೈಪಿನಲ್ಲಿ ಗಾಳಿಯಾಡುವುದಿಲ್ಲ, ಹುಟ್ಟಿದ ಶಾಖ ಪಿವಿಸಿ ಹೊದಿಕೆ, ಪೈಪು, ಸಿಮೆಂಟು ದಾಟಿಯೇ ಹೊರಗೆ ಬರಬೇಕು. ಸಾಮಾನ್ಯ ಪಿವಿಸಿ ಹೊದಿಕೆಗೆ ನಿಗದಿಯಾಗಿರುವ ಮಿತಿ 70 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಪ್ರತಿ ಹತ್ತು ಡಿಗ್ರಿ ಮೇಲೇರಿದಾಗಲೂ ಹೊದಿಕೆಯ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಂಜಿನಿಯರುಗಳ ಅಂದಾಜಿನ ಲೆಕ್ಕ. ಹೊದಿಕೆ ಒಂದೇ ದಿನದಲ್ಲಿ ಸುಟ್ಟುಹೋಗುವುದಿಲ್ಲ. ವರ್ಷಗಟ್ಟಲೆ ದಿನಾ ಬೆಳಿಗ್ಗೆ ಕಾದು, ಆರಿ, ಬಿರುಸಾಗಿ, ಕೊನೆಗೊಂದು ದಿನ ಬಿರುಕು ಬಿಡುತ್ತದೆ. ಬೆಂಕಿ ಅನಾಹುತವಾದ ಮೇಲೆ ‘ಶಾರ್ಟ್ ಸರ್ಕ್ಯೂಟ್’ ಎಂದು ನಾವು ಓದುವುದು ಅನೇಕ ಸಲ ಈ ನಿಧಾನದ ಕತೆಯ ಕೊನೆಯ ಸಾಲು.

ಜೂಲ್ ಹೇಳಿದ ಈ ನಿಯಮದಿಂದ ತಪ್ಪಿಸಿಕೊಳ್ಳಲು ದಾರಿಗಳಿರುವುದು ಎರಡೇ: ಕರೆಂಟನ್ನು ಕಡಿಮೆ ಮಾಡುವುದು, ಇಲ್ಲವೇ ತಾಮ್ರವನ್ನು ಹೆಚ್ಚು ಮಾಡುವುದು. ಮೊದಲ ದಾರಿಗೆ ನಮ್ಮ ನಾಡಿನಲ್ಲೇ ಭವ್ಯವಾದ ಉದಾಹರಣೆಯಿದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 150 ಕಿಲೋಮೀಟರ್ ದೂರ ವಿದ್ಯುತ್ ಸಾಗಿಸಿದಾಗ ವೋಲ್ಟೇಜನ್ನು 35,000ಕ್ಕೆ ಏರಿಸಿದ್ದರು. ವೋಲ್ಟೇಜ್ ಏರಿದಷ್ಟೂ ಅದೇ ಶಕ್ತಿಗೆ ಬೇಕಾದ ಕರೆಂಟು ಕಡಿಮೆ, ಕರೆಂಟು ಕಡಿಮೆಯಾದರೆ ತಂತಿಯಲ್ಲಿ ಪೋಲಾಗುವ ಶಾಖ ವರ್ಗದ ಲೆಕ್ಕದಲ್ಲಿ ಕಡಿಮೆ. ಹಾಗಾಗಿಯೇ ಕೈಗೆಟಕುವ ಖರ್ಚಿನ ತಂತಿಯಲ್ಲಿ ಅಷ್ಟು ದೂರ ಕರೆಂಟು ಹೋಗಲು ಸಾಧ್ಯವಾಯಿತು. ಮನೆಯೊಳಗೆ ಈ ದಾರಿ ಮುಚ್ಚಿದೆ. ಮನುಷ್ಯರು ಬರಿಗೈಯಲ್ಲಿ ಸ್ವಿಚ್ ಒತ್ತುವ ಜಾಗದಲ್ಲಿ ವೋಲ್ಟೇಜ್ 230ಕ್ಕೇ ನಿಲ್ಲಬೇಕು. ಉಳಿದದ್ದು ತಾಮ್ರ ಮಾತ್ರ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೆ ಇದರ ಇನ್ನೊಂದು ಮುಖ ಪರಿಚಿತ: ಅಲ್ಲಿ ಮಾಮೂಲಿ ಪ್ಲಗ್ಗಿನ ವೋಲ್ಟೇಜ್ 120, ಆದ್ದರಿಂದ ಅದೇ ಇಸ್ತ್ರಿಪೆಟ್ಟಿಗೆಗೆ ಹೆಚ್ಚುಕಡಿಮೆ ಎರಡರಷ್ಟು ಕರೆಂಟು ಬೇಕು. ಅಲ್ಲಿನ ವೈರಿಗೆ ಗೇಜ್ ಸಂಖ್ಯೆ, ಸಂಖ್ಯೆ ಹೆಚ್ಚಿದಷ್ಟೂ ವೈರ್ ತೆಳು. ಇಂಗ್ಲೆಂಡಿನಲ್ಲಿ ಎರಡೂವರೆ ಸ್ಕ್ವೇರ್ ವೈರನ್ನು ಉಂಗುರದಂತೆ ಸುತ್ತು ಹಾಕಿಸಿ 32 ಆಂಪಿಯರ್ ರಕ್ಷಣೆ ಕೊಡುವ ಪದ್ಧತಿಯಿದೆ, ಅಲ್ಲಿ ಕರೆಂಟು ಎರಡು ಕಡೆಯಿಂದ ಹಂಚಿಕೊಂಡು ಬರುತ್ತದೆ. ಆ ದೇಶಗಳ ವಿಡಿಯೊ ನೋಡಿ ಅಲ್ಲಿನ ಅಂಕಿಯನ್ನು ಇಲ್ಲಿಗೆ ಎತ್ತಿ ತರುವುದು ಅಪಾಯ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಡಿಬಿಯಲ್ಲಿರುವ ಎಂಸಿಬಿ ಯಾರನ್ನು ಕಾಯುತ್ತದೆ? ಟಿವಿ, ಫ್ರಿಜ್‌ಗಳನ್ನು ಎಂದು ಬಹಳ ಜನ ತಿಳಿದಿದ್ದಾರೆ. ಎಂಸಿಬಿ ಇರುವುದು ಮುಖ್ಯವಾಗಿ ತನ್ನಿಂದ ಮುಂದೆ ಹೋಗುವ ವೈರನ್ನು ಕಾಯಲಿಕ್ಕೆ. ಹಾಗಿರುವಾಗ ವೈರಿನ ಅಳತೆಯನ್ನೂ ಎಂಸಿಬಿಯ ಅಳತೆಯನ್ನೂ ಬೇರೆ ಬೇರೆಯಾಗಿ ಆರಿಸುವಂತಿಲ್ಲ. ನಿಯಮ ಸರಳವಾಗಿದೆ: ಉಪಕರಣ ಎಳೆಯುವ ಕರೆಂಟಿಗಿಂತ ಎಂಸಿಬಿಯ ಅಂಕಿ ಕಡಿಮೆ ಇರಬಾರದು, ಎಂಸಿಬಿಯ ಅಂಕಿಗಿಂತ ವೈರ್ ತಾಳುವ ಕರೆಂಟು ಕಡಿಮೆ ಇರಬಾರದು. ಹದಿಮೂರು ಆಂಪಿಯರಿನ ಗೀಸರ್, ಹದಿನಾರರ ಎಂಸಿಬಿ, ಹದಿನಾರಕ್ಕಿಂತ ಹೆಚ್ಚು ತಾಳುವ ವೈರ್, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ನಮ್ಮ ಕಂಪನಿಗಳ ಪಟ್ಟಿಗಳಲ್ಲಿ ಪೈಪಿನೊಳಗೆ ಹಾಕಿದ ಸಾಮಾನ್ಯ ಪಿವಿಸಿ ತಾಮ್ರದ ವೈರಿಗೆ ಕಾಣಸಿಗುವ ಅಂಕಿಗಳು ಸುಮಾರು ಹೀಗಿರುತ್ತವೆ: ಒಂದು ಸ್ಕ್ವೇರಿಗೆ 11 ಆಂಪಿಯರ್, ಒಂದೂವರೆಗೆ 13, ಎರಡೂವರೆಗೆ 18, ನಾಲ್ಕಕ್ಕೆ 24, ಆರಕ್ಕೆ 31. ಅದೇ ಪಟ್ಟಿಯಲ್ಲಿ ಗೋಡೆಯ ಮೇಲೆ ಗಾಳಿಗೆ ತೆರೆದಿಟ್ಟ ವೈರಿಗೆ ಇದಕ್ಕಿಂತ ದೊಡ್ಡ ಅಂಕಿಗಳೂ ಇರುತ್ತವೆ. ಅಂಗಡಿಯಲ್ಲಿ ತೋರಿಸುವುದು ಬಹುತೇಕ ಆ ದೊಡ್ಡ ಅಂಕಿಯನ್ನೇ. ವೈರನ್ನು ಗೋಡೆಯೊಳಗೆ ಹೂಳುವವರು ನೋಡಬೇಕಾದ್ದು ಚಿಕ್ಕದನ್ನು.

‘ವೈರ್ ಸ್ವಲ್ಪ ಸಣ್ಣದಾದರೇನು, ಹೆಚ್ಚಾದರೆ ಎಂಸಿಬಿ ಬೀಳುತ್ತದಲ್ಲ’ ಎಂಬ ಆಕ್ಷೇಪ ಇಲ್ಲಿ ಬರುತ್ತದೆ. ಬೀಳುತ್ತದೆ, ಆದರೆ ನಾವು ಅಂದುಕೊಂಡ ಹೊತ್ತಿಗಲ್ಲ. ಮನೆ ಬಳಕೆಯ ಎಂಸಿಬಿಯ ಮಾನಕದ ಪ್ರಕಾರ, ತನ್ನ ಅಂಕಿಯ 1.13ರಷ್ಟು ಕರೆಂಟನ್ನು ಅದು ಒಂದು ಗಂಟೆ ಹೊತ್ತು ಬೀಳದೆ ಸಹಿಸಬೇಕು. 1.45ರಷ್ಟಾದಾಗ ಒಂದು ಗಂಟೆಯೊಳಗೆ ಬೀಳಬೇಕು. ಅಂದರೆ ಹದಿನಾರರ ಎಂಸಿಬಿಯಲ್ಲಿ 18 ಆಂಪಿಯರ್ ಹರಿದರೆ ಅದು ಸುಮ್ಮನಿರಬೇಕಾದ್ದು ನಿಯಮ, 23 ಹರಿದರೂ ಗಂಟೆಯವರೆಗೆ ಕಾಯಬಹುದು. ಇದು ದೋಷವಲ್ಲ. ಮೋಟಾರು ಶುರುವಾಗುವಾಗಲೋ, ಇಸ್ತ್ರಿ ಮತ್ತು ಮಿಕ್ಸಿ ಕ್ಷಣಹೊತ್ತು ಒಟ್ಟಿಗೆ ಓಡುವಾಗಲೋ ಪದೇಪದೇ ಬೀಳದಿರಲಿ ಎಂದು ಬೇಕೆಂದೇ ಹಾಗೆ ಮಾಡಿದ್ದಾರೆ. ಈ ಸಡಿಲವನ್ನು ತಾಳಬೇಕಾದ್ದು ವೈರ್. ಈಗ ಹದಿನಾರರ ಎಂಸಿಬಿಯ ಮುಂದೆ ಒಂದು ಸ್ಕ್ವೇರ್ ವೈರ್ ಇದೆ ಎಂದುಕೊಳ್ಳಿ. 40 ಡಿಗ್ರಿ ಬಿಸಿಯ ವಾತಾವರಣದಲ್ಲಿ 11 ಆಂಪಿಯರ್ ಹರಿದಾಗ ವೈರ್ 70 ಡಿಗ್ರಿ ಮುಟ್ಟುತ್ತದೆ ಎಂದರೆ ಏರಿಕೆ 30 ಡಿಗ್ರಿ. ಹದಿನಾರು ಹರಿದಾಗ ಶಾಖ ಎರಡು ಪಟ್ಟಿಗೂ ಹೆಚ್ಚು, ಏರಿಕೆ 60 ಡಿಗ್ರಿ ಮೀರುತ್ತದೆ, ವೈರ್ ನೂರು ಡಿಗ್ರಿ ದಾಟುತ್ತದೆ. ಎಂಸಿಬಿಯ ಕಣ್ಣಿಗೆ ಇದೆಲ್ಲ ಸಹಜ ಸ್ಥಿತಿ, ಅದರ ಮೇಲೆ ಬರೆದಿರುವುದೇ ಹದಿನಾರು. ಅದು ಎಂದಿಗೂ ಬೀಳುವುದಿಲ್ಲ. ಎಂಸಿಬಿ ಪದೇಪದೇ ಬೀಳುತ್ತಿದೆ ಎಂದು ಹತ್ತರದನ್ನು ತೆಗೆದು ಹದಿನಾರರದನ್ನು, ಹದಿನಾರರದನ್ನು ತೆಗೆದು ಇಪ್ಪತ್ತರದನ್ನು ಹಾಕಿಕೊಡುವ ರೂಢಿ ಎಲ್ಲ ಊರಲ್ಲೂ ಇದೆ. ಹಳೆಯ ಪಿಂಗಾಣಿ ಫ್ಯೂಸಿಗೆ ಫ್ಯೂಸ್ ತಂತಿಯ ಬದಲು ಎರಡೆಳೆ ತಾಮ್ರ ಸುತ್ತುತ್ತಿದ್ದುದೂ ಇದೇ ಕೆಲಸ. ಗೋಡೆಯೊಳಗಿನ ವೈರ್ ಮಾತ್ರ ಹಳೆಯದೇ ಇರುತ್ತದೆ. ಕಾವಲುಗಾರನ ಕಣ್ಣಿಗೆ ಬಟ್ಟೆ ಕಟ್ಟಿದ ಹಾಗೆ.

ಇನ್ನು ದಾರಿಯ ವಿಷಯ. ವೈರಿಗೆ ಇಷ್ಟು ಆಂಪಿಯರ್ ಎಂದು ಪಟ್ಟಿಯಲ್ಲಿ ಬರೆದಿರುವುದು ಒಂದು ನಿರ್ದಿಷ್ಟ ಸನ್ನಿವೇಶಕ್ಕೆ. ಅಂತರರಾಷ್ಟ್ರೀಯ ಕೋಷ್ಟಕಗಳಲ್ಲಿ ಗೋಡೆಗೆ ಹೊಂದಿದ ಪೈಪಿನೊಳಗಿನ ಎರಡೂವರೆ ಸ್ಕ್ವೇರ್ ಪಿವಿಸಿ ವೈರಿಗೆ 24 ಆಂಪಿಯರ್ ಎಂದಿದೆ. ನೋಡಲು ಧಾರಾಳವಾಗಿ ಕಾಣುತ್ತದೆ. ಆದರೆ ಆ ಅಂಕಿ 30 ಡಿಗ್ರಿಯ ವಾತಾವರಣಕ್ಕೆ, ಪೈಪಿನಲ್ಲಿ ಒಂದೇ ಸರ್ಕ್ಯೂಟ್ ಇದ್ದಾಗ. ಬೇಸಿಗೆಯಲ್ಲಿ ಕಲಬುರಗಿ, ರಾಯಚೂರಿನಲ್ಲಿ ನೆರಳಿನಲ್ಲೇ 40 ದಾಟುತ್ತದೆ, ಬಿಸಿಲಿಗೆ ಕಾದ ಆರ್‌ಸಿಸಿ ಛಾವಣಿಯೊಳಗಿನ ಪೈಪು ಇನ್ನೂ ಹೆಚ್ಚು ಕಾದಿರುತ್ತದೆ. 40 ಡಿಗ್ರಿಗೆ 0.87ರಿಂದ ಗುಣಿಸಬೇಕು, ಇಪ್ಪತ್ತೊಂದಾಯಿತು. ಅದೇ ಪೈಪಿನಲ್ಲಿ ಇನ್ನೊಂದು ಭಾರದ ಸರ್ಕ್ಯೂಟ್ ಇದ್ದರೆ 0.8ರಿಂದ ಗುಣಿಸಬೇಕು, ಹದಿನೇಳಕ್ಕೆ ಇಳಿಯಿತು. ಮೂರು ಸರ್ಕ್ಯೂಟ್ ಇದ್ದರೆ 0.7ರಿಂದ ಗುಣಿಸಬೇಕು, ಹದಿನೈದೂ ಉಳಿಯಲಿಲ್ಲ. ಅಂಗಡಿಯಿಂದ ಬಂದಾಗ 24 ತಾಳುತ್ತಿದ್ದ ವೈರು ಇಬ್ಬರು ಸಂಗಡಿಗರೊಡನೆ ಬಿಸಿ ಪೈಪಿಗೆ ಇಳಿದಾಗ ತನ್ನ ಹದಿನಾರರ ಎಂಸಿಬಿಗಿಂತ ದುರ್ಬಲವಾಯಿತು. ವೈರ್ ಬದಲಾಗಲಿಲ್ಲ, ಕಂಪನಿ ಬದಲಾಗಲಿಲ್ಲ, ದಾರಿ ಮಾತ್ರ ಬದಲಾಯಿತು. ಡಿಬಿಯಿಂದ ಮೇಲಕ್ಕೆ ಹೋಗುವ ಪೈಪುಗಳನ್ನು ಉಳಿಸಲೆಂದು ಒಂದೇ ಪೈಪಿನಲ್ಲಿ ಹಿಡಿದಷ್ಟೂ ವೈರ್ ತುರುಕುವುದನ್ನು ಕಟ್ಟಡ ಕಟ್ಟುವ ಜಾಗದಲ್ಲಿ ಯಾರು ಬೇಕಾದರೂ ನೋಡಬಹುದು. ಎಳೆಯುವಾಗ ಸೋಪಿನ ನೀರು ಹಚ್ಚಬೇಕಾಗಿ ಬಂತೆಂದರೆ ಆ ಪೈಪಿನಲ್ಲಿ ಗಾಳಿಗೆ ಜಾಗವಿಲ್ಲ ಎಂದೇ ಅರ್ಥ. ಒಂದು ಪೈಪು ಹೆಚ್ಚು ಹಾಕುವ ಖರ್ಚು, ಎಲ್ಲ ವೈರನ್ನೂ ಒಂದು ಅಳತೆ ಮೇಲೇರಿಸುವ ಖರ್ಚಿಗಿಂತ ಎಷ್ಟೋ ಕಡಿಮೆ.

ಎಲ್ಲವೂ ಒಟ್ಟಿಗೆ ಓಡುವುದಿಲ್ಲವಲ್ಲ ಎಂದು ಅನುಭವಿ ಕೆಲಸಗಾರರು ಹೇಳಬಹುದು. ಅವರ ಮಾತಿನಲ್ಲಿ ನಿಜವಿದೆ. ಲೈಟು, ಫ್ಯಾನಿನ ವೈರುಗಳು ಎಲ್‌ಇಡಿ ಬಂದ ಮೇಲೆ ತಮ್ಮ ಶಕ್ತಿಯ ಹತ್ತನೆಯ ಒಂದು ಭಾಗವನ್ನೂ ಹೊರುವುದಿಲ್ಲ. ಅಂಥವನ್ನು ಗುಂಪಿನ ಲೆಕ್ಕಕ್ಕೆ ಹಿಡಿಯಬೇಕಿಲ್ಲವೆಂದು ಮಾನಕಗಳೇ ಹೇಳುತ್ತವೆ. ಮೀಟರಿನಿಂದ ಡಿಬಿಗೆ ಬರುವ ಮುಖ್ಯ ಕೇಬಲ್ಲಿಗೂ ಮನೆಯ ಎಲ್ಲ ಯಂತ್ರಗಳ ಭಾರವನ್ನು ಕೂಡಿಸಿ ಲೆಕ್ಕ ಹಾಕುವ ಅಗತ್ಯವಿಲ್ಲ. ಆದರೆ ಬೆಳಗಿನ ಆರರಿಂದ ಎಂಟು ಗಂಟೆಯ ನಮ್ಮ ಮನೆಗಳನ್ನು ನೆನೆಯಿರಿ. ಎರಡು ಸ್ನಾನದ ಮನೆಗಳ ಗೀಸರುಗಳು ಉರಿಯುತ್ತಿರುತ್ತವೆ, ಅಡುಗೆಮನೆಯಲ್ಲಿ ಇಂಡಕ್ಷನ್ ಒಲೆ, ಚಟ್ನಿಗೆ ಮಿಕ್ಸಿ, ಒಳಗೆ ಇಸ್ತ್ರಿ. ಭಾರದವೆಲ್ಲ ಒಟ್ಟಿಗೆ ಓಡುವ ಹೊತ್ತೊಂದು ದಿನಾ ಬರುತ್ತದೆ, ಅದೂ ಒಂದೇ ಡಿಬಿಯಿಂದ ಒಂದೇ ಪೈಪಿನಲ್ಲಿ ಹೊರಟ ವೈರುಗಳಲ್ಲಿ. ಒಂದೇ ಉಪಕರಣಕ್ಕೆ ಹೋಗುವ ಸರ್ಕ್ಯೂಟಿಗಂತೂ ಈ ವಿನಾಯಿತಿ ಅನ್ವಯಿಸುವುದೇ ಇಲ್ಲ, ಗೀಸರ್ ಉರಿದಾಗ ಪೂರ್ತಿಯೇ ಉರಿಯುತ್ತದೆ.

ಯಾರ ಗಮನಕ್ಕೂ ಬಾರದೆ ಉಳಿಯುವ ವೈರೊಂದಿದೆ, ಅದು ಕಪ್ಪು ಬಣ್ಣದ ನ್ಯೂಟ್ರಲ್. ಫೇಸಿನಲ್ಲಿ ಹೋದ ಕರೆಂಟು ಅಷ್ಟೂ ನ್ಯೂಟ್ರಲಿನಲ್ಲಿ ಹಿಂತಿರುಗಬೇಕು, ಹಾಗಾಗಿ ಅದರ ಅಳತೆ ಫೇಸಿನಷ್ಟೇ ಇರಬೇಕು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ವೈರ್ ಉಳಿಸಲು ಎರಡು ಗೀಸರಿಗೆ ಎರಡು ಕೆಂಪು ವೈರ್ ಎಳೆದು, ಎರಡಕ್ಕೂ ಸೇರಿ ಒಂದೇ ಕಪ್ಪು ವೈರ್ ಕೊಡುವ ಪದ್ಧತಿ ಇದೆ. ಸಿಂಗಲ್ ಫೇಸ್ ಮನೆಯಲ್ಲಿ ಆ ಎರಡೂ ಕರೆಂಟು ನ್ಯೂಟ್ರಲಿನಲ್ಲಿ ಕೂಡಿಕೊಳ್ಳುತ್ತವೆ. ಎರಡು ಗೀಸರಿನ 13 ಮತ್ತು 13 ಸೇರಿ ಹದಿನೆಂಟು ತಾಳುವ ಎರಡೂವರೆ ಸ್ಕ್ವೇರಿನಲ್ಲಿ 26 ಆಂಪಿಯರ್. ಎರಡು ಫೇಸ್ ವೈರಿಗೂ ಪ್ರತ್ಯೇಕ ಎಂಸಿಬಿ ಇದೆ, ಎರಡೂ ತಮ್ಮ ತಮ್ಮ ಲೆಕ್ಕದಲ್ಲಿ ನೆಮ್ಮದಿಯಾಗಿವೆ. ನ್ಯೂಟ್ರಲ್ಲಿಗೆ ಎಂಸಿಬಿಯೇ ಇಲ್ಲ. ಕಾಯುವವರಿಲ್ಲದ ವೈರಿನ ಮೇಲೆ ಅತಿ ಹೆಚ್ಚು ಭಾರ ಬಿದ್ದಂತಾಯಿತು. ಎಷ್ಟು ಸ್ಕ್ವೇರ್ ವೈರ್ ಎಂದು ಕೇಳುವ ಮನೆಯವರು, ಪ್ರತಿ ಪವರ್ ಸರ್ಕ್ಯೂಟಿಗೂ ಪ್ರತ್ಯೇಕ ನ್ಯೂಟ್ರಲ್ ಇದೆಯೇ ಎಂದು ಕೇಳುವುದು ಇನ್ನೂ ಮುಖ್ಯ. ಹಸಿರು ಅರ್ಥ್ ವೈರಿಗೂ ಸಣ್ಣತನ ಬೇಡ. ಮನೆಯ ಈ ಅಳತೆಗಳಲ್ಲಿ ಅದೂ ಫೇಸಿನಷ್ಟೇ ಇರುವುದು ಸರಿ.

ಹಳೆಯ ಮನೆಯವರ ವಾದವನ್ನೂ ಕೇಳಬೇಕು: ಮೂವತ್ತು ವರ್ಷದಿಂದ ಇದೇ ವೈರಿಂಗ್, ಏನೂ ಆಗಿಲ್ಲ. ಏನೂ ಆಗದಿದ್ದದ್ದು ವೈರಿನ ಬಲದಿಂದಲ್ಲ, ಭಾರ ಕಡಿಮೆ ಇದ್ದದ್ದರಿಂದ. ನಾಲ್ಕು ಬಲ್ಬು, ಎರಡು ಫ್ಯಾನು, ಒಂದು ಟಿವಿ ಇದ್ದ ಮನೆ ಎರಡು ಮೂರು ಆಂಪಿಯರಿನಲ್ಲಿ ಜೀವನ ಕಳೆದಿತ್ತು. ಅದೇ ಗೋಡೆಯ 6 ಆಂಪಿಯರ್ ಪ್ಲಗ್ಗಿಗೆ ಈಗ ಕನ್ವರ್ಟರ್ ಪಿನ್ ಸಿಕ್ಕಿಸಿ 2,000 ವ್ಯಾಟಿನ ಇಂಡಕ್ಷನ್ ಒಲೆ ಇಡುತ್ತಿದ್ದೇವೆ. ಅದು ಎಳೆಯುವುದು 8.7 ಆಂಪಿಯರ್. ಹದಿನಾರರ ದಪ್ಪ ಪಿನ್ನು ಆರರ ಪ್ಲಗ್ಗಿಗೆ ಹೋಗದಂತೆ ಮಾಡಿದ್ದು ಇದನ್ನೇ ತಡೆಯಲಿಕ್ಕೆ, ಕನ್ವರ್ಟರ್ ಆ ತಡೆಯನ್ನು ತೆಗೆದುಹಾಕುತ್ತದೆ. ಒಂದು ಕಾಲದಲ್ಲಿ ಮನೆಗಳಿಗೆ ಅಲ್ಯೂಮಿನಿಯಂ ವೈರನ್ನೂ ಧಾರಾಳವಾಗಿ ಹಾಕುತ್ತಿದ್ದರು. ಅದರ ವಾಹಕತೆ ತಾಮ್ರದ ವಾಹಕತೆಯ ನೂರರಲ್ಲಿ ಸುಮಾರು 61 ಭಾಗ ಮಾತ್ರ, ಎರಡೂವರೆ ತಾಮ್ರಕ್ಕೆ ಸಮನಾಗಲು ನಾಲ್ಕು ಸ್ಕ್ವೇರ್ ಅಲ್ಯೂಮಿನಿಯಂ ಬೇಕು. ಮೇಲಾಗಿ ಸ್ಕ್ರೂ ಕೆಳಗೆ ಅದು ಕಾಲಕ್ರಮೇಣ ಸಡಿಲಗೊಳ್ಳುತ್ತದೆ. ಬೆಂಕಿಗೆ ಕಾರಣ ವೈರಿನ ಅಳತೆಗಿಂತ ಸಡಿಲ ಜೋಡಣೆ ಎಂದು ವಾದಿಸುವವರಿದ್ದಾರೆ. ಅದು ಹುಸಿಯಲ್ಲ, ಸ್ಕ್ರೂ ಬಿಗಿಯಿಲ್ಲದ ಕಡೆ ಆರು ಸ್ಕ್ವೇರ್ ವೈರೂ ಕರಕಲಾಗುತ್ತದೆ. ಆದರೆ ದಿನಾ ಅತಿಯಾಗಿ ಕಾದು ಆರುವ ತೆಳು ವೈರ್ ಹಿಗ್ಗಿ ಕುಗ್ಗಿ ಆ ಸ್ಕ್ರೂವನ್ನು ಸಡಿಲಿಸುವುದರಲ್ಲಿ ತನ್ನ ಪಾಲನ್ನೂ ಸೇರಿಸುತ್ತದೆ. ಎರಡು ಕಾರಣಗಳೂ ಒಂದನ್ನೊಂದು ಬೆಳೆಸುತ್ತವೆ.

ಇಷ್ಟೆಲ್ಲ ತಲೆನೋವು ಏಕೆ, ಮನೆಗೆಲ್ಲ ನಾಲ್ಕು ಸ್ಕ್ವೇರ್ ಹಾಕಿಸಿಬಿಟ್ಟರಾಯಿತು ಎನ್ನುವವರ ಉದ್ದೇಶ ಒಳ್ಳೆಯದು, ಫಲ ಹಾಗಿರುವುದಿಲ್ಲ. ಲೈಟಿನ ಸ್ವಿಚ್ಚಿನ ತೂತಿಗೆ ನಾಲ್ಕು ಸ್ಕ್ವೇರಿನ ಎರಡು ವೈರ್ ಹಿಡಿಯುವುದಿಲ್ಲ. ಕೆಲಸಗಾರ ಅರ್ಧ ಎಳೆಗಳನ್ನು ಕತ್ತರಿಸಿ ಉಳಿದದ್ದನ್ನು ತುರುಕುತ್ತಾನೆ, ಕೊಟ್ಟ ದುಡ್ಡಿಗೆ ಸಿಕ್ಕ ತಾಮ್ರ ಬೇಕಾದ ಜಾಗದಲ್ಲೇ ಇಲ್ಲವಾಗುತ್ತದೆ. ಪೈಪು ತುಂಬಿಹೋಗಿ ಮೇಲೆ ಹೇಳಿದ ಗುಂಪಿನ ತೊಂದರೆ ಬರುತ್ತದೆ. ದಪ್ಪ ವೈರ್ ಇದೆಯಲ್ಲ ಎಂಬ ಧೈರ್ಯದಲ್ಲಿ ದೊಡ್ಡ ಎಂಸಿಬಿ ಹಾಕಿದರೆ, 6 ಆಂಪಿಯರಿನ ಸ್ವಿಚ್ಚು ಮತ್ತು ಸಾಕೆಟ್ಟುಗಳೇ ಸರಪಳಿಯ ದುರ್ಬಲ ಕೊಂಡಿಯಾಗುತ್ತವೆ. ಲೈಟಿಗೆ ಒಂದೂವರೆ ಮತ್ತು ಅದಕ್ಕೆ ಹತ್ತು ಅಥವಾ ಆರರ ಎಂಸಿಬಿ ಎಂಬುದು ಬಿಸಿಯ ಕಡಿತ, ಗುಂಪಿನ ಕಡಿತ ಎಲ್ಲ ಕಳೆದ ಮೇಲೂ ನಿಲ್ಲುವ ಜೋಡಿ, ಅದನ್ನು ಬದಲಿಸಲು ಕಾರಣವಿಲ್ಲ. ಖರ್ಚು ಮಾಡಬೇಕಾದ್ದು ಗೀಸರ್, ಅಡುಗೆಮನೆ, ಎಸಿ, ವಾಹನ ಚಾರ್ಜಿಂಗ್ ಈ ನಾಲ್ಕು ಕಡೆ. ಅಲ್ಲಿನ ಖರ್ಚಾದರೂ ಎಷ್ಟು? ಒಂದೂವರೆ ಸ್ಕ್ವೇರಿನ 90 ಮೀಟರಿನ ಒಂದು ಕಾಯಿಲಿನಲ್ಲಿ ಲೆಕ್ಕದ ಪ್ರಕಾರ 1.2 ಕೆ.ಜಿ. ತಾಮ್ರ ಇರುತ್ತದೆ, ಎರಡೂವರೆಯದರಲ್ಲಿ 2 ಕೆ.ಜಿ. ವ್ಯತ್ಯಾಸ 800 ಗ್ರಾಂ ತಾಮ್ರ. ಇಡೀ ಮನೆಗೆ ಇಂಥ ಕೆಲವೇ ಕಾಯಿಲ್ ಬೇಕಾಗುತ್ತದೆ. ಹತ್ತು ವರ್ಷದ ಮೇಲೆ ಗೋಡೆ ಕೊರೆದು, ಪ್ಲಾಸ್ಟರ್ ಮಾಡಿ, ಬಣ್ಣ ಬಳಿಯುವ ಖರ್ಚಿನ ಮುಂದೆ ಅದನ್ನಿಟ್ಟು ನೋಡಿದರೆ ಮಾತು ಮುಗಿಯುತ್ತದೆ.

ದೂರದ ಲೆಕ್ಕ ಬೇರೆಯದು. ಪೇಟೆಯ ಸಣ್ಣ ಮನೆಗಳಲ್ಲಿ ಅದು ಅಷ್ಟು ಕಾಡುವುದಿಲ್ಲ, ಮಲೆನಾಡಿನ ಅಡಿಕೆ ತೋಟದ ಮನೆಗಳಲ್ಲಿ ಕಾಡುತ್ತದೆ. ಮನೆಯಿಂದ 100 ಮೀಟರ್ ಆಚೆಯ ಬಾವಿಯಲ್ಲಿ ಒಂದು ಎಚ್‌ಪಿಯ ಸಿಂಗಲ್ ಫೇಸ್ ಪಂಪು ಸುಮಾರು 7 ಆಂಪಿಯರ್ ಎಳೆಯುತ್ತದೆ ಎನ್ನೋಣ. ಬಿಸಿಯ ಲೆಕ್ಕದಲ್ಲಿ ಒಂದೂವರೆ ಸ್ಕ್ವೇರ್ ಸಾಕು. ಆದರೆ ಹೋಗಿಬರುವ 200 ಮೀಟರ್ ತಾಮ್ರದಲ್ಲಿ ಹದಿನೆಂಟು ವೋಲ್ಟಿಗೂ ಹೆಚ್ಚು ಕರಗಿಹೋಗುತ್ತದೆ. ಸಂಜೆ ಹೊತ್ತು ಕಂಬದಲ್ಲೇ 200 ವೋಲ್ಟ್ ಇದ್ದರೆ ಪಂಪಿಗೆ ಸಿಗುವುದು 181. ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗದಂತೆ ಇಳಿಯುವುದರಿಂದ ಅದಕ್ಕೆ ಉಳಿಯುವ ಬಲ ಮೂರರಲ್ಲಿ ಎರಡು ಪಾಲಿಗಿಂತ ಕಡಿಮೆ. ಶುರುವಾಗುವಾಗ ಕರೆಂಟು ಹಲವು ಪಟ್ಟು ಏರುವುದರಿಂದ ವೋಲ್ಟೇಜ್ ಇನ್ನಷ್ಟು ಕುಸಿದು ಮೋಟಾರ್ ಗುಂಯ್‌ಗುಟ್ಟುತ್ತಾ ನಿಂತುಬಿಡುತ್ತದೆ, ಸುತ್ತು ಸುಡುತ್ತದೆ. ನಾಲ್ಕು ಸ್ಕ್ವೇರ್ ಹಾಕಿದ್ದರೆ ನಷ್ಟ 7 ವೋಲ್ಟಿನಷ್ಟು ಮಾತ್ರ. ಪಂಪು ಪದೇಪದೇ ಸುಡುತ್ತದೆಂದು ಕಂಪನಿ ಬದಲಿಸುವ ಮೊದಲು ವೈರನ್ನು ನೋಡಬೇಕು. ವಿದ್ಯುತ್ ವಾಹನದ ಚಾರ್ಜಿಂಗ್‌ಗೆ ದೂರ ಮತ್ತು ಬಿಸಿ ಎರಡೂ ಸೇರುತ್ತವೆ. ಗೀಸರ್ ಕಾಲು ಗಂಟೆ ಉರಿದು ಥರ್ಮೋಸ್ಟಾಟ್ ಕಡಿದು ವೈರಿಗೆ ಆರಲು ಹೊತ್ತು ಕೊಡುತ್ತದೆ, ಕಾರು ರಾತ್ರಿಯಿಡೀ ಬಿಡದೆ ಎಳೆಯುತ್ತದೆ. 3.3 ಕಿಲೋವ್ಯಾಟ್ ಚಾರ್ಜರಿಗೆ 14 ಆಂಪಿಯರ್ ದಾಟುತ್ತದೆ, ಅದಕ್ಕೆ ನಾಲ್ಕು ಸ್ಕ್ವೇರ್ ಕೊಡುವುದು ಅತಿಯಲ್ಲ. 7.4 ಕಿಲೋವ್ಯಾಟಿನದಕ್ಕೆ 32 ಆಂಪಿಯರ್, ಮೇಲಿನ ಪಟ್ಟಿಯಲ್ಲಿ 31 ತಾಳುವ ಆರು ಸ್ಕ್ವೇರ್ ಪೈಪಿನಲ್ಲಿ ಒಂಟಿಯಾಗಿ ಹೋದರೂ ಅದಕ್ಕೆ ಸಾಲದು, ಹತ್ತೇ ಬೇಕು.

ಕೊಳ್ಳುವಾಗಿನ ಒಂದು ಸೂಕ್ಷ್ಮ. ಎರಡೂವರೆ ಎಂಬುದು ಕಾಯಿಲ್ ಮೇಲಿನ ಹೆಸರು, ಮಾನಕ ಅಳೆಯುವುದು ರೋಧವನ್ನು. ಬಾಗುವ ಎಳೆಗಳ ಎರಡೂವರೆ ಸ್ಕ್ವೇರ್ ತಾಮ್ರದ ವೈರಿನ ರೋಧ 20 ಡಿಗ್ರಿಯಲ್ಲಿ ಕಿಲೋಮೀಟರಿಗೆ 7.98 ಓಮ್ ಮೀರಬಾರದು. ತಾಮ್ರ ಶುದ್ಧವಾಗಿದ್ದರೆ ಸ್ವಲ್ಪ ಕಡಿಮೆ ತೂಕದಲ್ಲೂ ಈ ಮಿತಿ ಮುಟ್ಟಬಹುದು, ತಾಮ್ರ ಕಲಬೆರಕೆಯಾದರೆ ತೂಕ ಇದ್ದೂ ಮುಟ್ಟುವುದಿಲ್ಲ. ಮನೆಯಲ್ಲಿ ರೋಧ ಅಳೆಯಲಾಗದು, ಆದ್ದರಿಂದ ಐಎಸ್‌ಐ ಗುರುತು ಮತ್ತು ಐಎಸ್ 694 ಎಂಬ ಸಂಖ್ಯೆ ವೈರಿನ ಮೈಮೇಲೆಯೇ ಅಚ್ಚಾಗಿದೆಯೇ ಎಂದು ನೋಡಿ ಕೊಳ್ಳಬೇಕು. ಎಳೆ ಕೆರೆದಾಗ ಒಳಗೆ ಬಿಳಿ ಲೋಹ ಕಂಡರೆ ಅದನ್ನು ಅಲ್ಲೇ ಹಿಂತಿರುಗಿಸಿ.

ಮನೆ ಕಟ್ಟಿಸುತ್ತಿರುವವರಲ್ಲಿ ನನ್ನ ಕೋರಿಕೆ ಇಷ್ಟು. ಛಾವಣಿಯ ಕಾಂಕ್ರೀಟಿಗೆ ಮೊದಲು, ಪೈಪು ಹಾಕುವ ದಿನವೇ, ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಗುತ್ತಿಗೆದಾರರನ್ನು ಕೂರಿಸಿಕೊಂಡು ಒಂದು ಹಾಳೆ ಬರೆಸಿ. ಪ್ರತಿ ಎಂಸಿಬಿಗೂ ಒಂದು ಸಾಲು: ಎಷ್ಟು ಆಂಪಿಯರಿನದು, ಮುಂದೆ ಯಾವ ಅಳತೆಯ ವೈರ್, ನ್ಯೂಟ್ರಲ್ ಪ್ರತ್ಯೇಕವೇ, ಆ ಪೈಪಿನಲ್ಲಿ ಜೊತೆಗೆ ಯಾವ ಸರ್ಕ್ಯೂಟ್ ಇದೆ, ಎಷ್ಟು ಮೀಟರ್ ದೂರ, ಕೊನೆಯಲ್ಲಿ ಯಾವ ಯಂತ್ರ. ಪ್ಲಾಸ್ಟರ್ ಆದ ಮೇಲೆ ಈ ಪ್ರಶ್ನೆಗಳಿಗೆ ಯಾರೂ ಖಚಿತವಾಗಿ ಉತ್ತರಿಸಲಾರರು. ಆ ಹಾಳೆಯನ್ನು ಡಿಬಿಯ ಬಾಗಿಲ ಒಳಮೈಗೆ ಅಂಟಿಸಿಡಿ. ಮುಂದೊಂದು ದಿನ ಎಂಸಿಬಿ ಪದೇಪದೇ ಬಿದ್ದು, ದೊಡ್ಡದು ಹಾಕಲೆಂದು ಯಾರಾದರೂ ಬಂದಾಗ ಅವರು ಮೊದಲು ಓದಬೇಕಾದ್ದು ಅದನ್ನು.